ಪಿವಿಸಿ ಪೈಪು ಬಿಸಿಲಿಗೆ ಹಳದಿ ಆಗೋದ್ಯಾಕೆ, ಕಾಯಿಸಿದ್ರೆ ಬರೋ ಘಾಟು ಯಾವ್ದು?

ಪ್ರಶ್ನೆ (ಕಬ್ಬು ಬೆಳೆಗಾರ, ಪಾಂಡವಪುರ ಕಡೆ): ಸಾರ್ ನಮಸ್ಕಾರ. ಗದ್ದೆ ಬದೀಲಿರೋ ಪಿವಿಸಿ ಪೈಪು ಬಿಸ್ಲು ಬೀಳೋ ಕಡೆ ಮಾತ್ರ ಹಳ್ದಿ ತಿರ್ಗಿ ಕಂದಾಗೈತೆ, ಗುದ್ಲಿ ತಗುಲಿದ್ರೆ ಲಟಕ್ ಅಂತ ಸೀಳ್ತದೆ, ಮಣ್ಣೊಳಗಿರೋದು ಹೊಸದಿದ್ದಂಗೇ ಐತೆ. ಆಮೇಲೆ ಜಾಯಿಂಟ್ ಮಾಡೋಕೆ ಕಬ್ಬಿನ ತರಗು ಹಚ್ಚಿ ತುದಿ ಕಾಯ್ಸಿ ತೂರಿಸ್ತೀವಲ್ಲ, ಆವಾಗ ಗಂಟ್ಲು ಹಿಡ್ಯೋ ಘಾಟು ಬತ್ತದೆ. ಪೈಪು ಮಾಡೋ ಗ್ಯಾಸು ಕ್ಯಾನ್ಸರ್ ತರ್ತದೆ ಅಂತಾರೆ, ಕಾಯ್ಸಿದ್ರೆ ಅದೇ ವಾಪಸ್ ಬತ್ತದಾ?

ಉತ್ತರ (ಪಾಲಿಮರ್ ಕೆಮಿಸ್ಟ್, ಮೈಸೂರು): ಆ ಗ್ಯಾಸಲ್ಲ, ಬರೋದು ಬೇರೆ, ಅದೂ ಒಳ್ಳೇದಲ್ಲ. ಪೈಪಿನ ಪ್ಲಾಸ್ಟಿಕ್ ಮಾಡೋಕೆ ನೀವಂದ ಆ ವಿನೈಲ್ ಕ್ಲೋರೈಡ್ ಗ್ಯಾಸನ್ನ ಒತ್ತಡದಲ್ಲಿ ದ್ರವ ಮಾಡಿ, ನೀರಲ್ಲಿ ಹನಿಹನಿಯಾಗಿ ಕಲಕ್ತಾ, 50-60 ಡಿಗ್ರೀಲಿ ಪೆರಾಕ್ಸೈಡ್ ಥರದ ಇನಿಷಿಯೇಟರ್ (ಕ್ರಿಯೆ ಶುರು ಮಾಡ್ಸೋ ವಸ್ತು) ಹಾಕ್ತಾರೆ, ಅದು ಒಡೆದು ಹುಟ್ಟೋ, ಸುಮ್ನಿರದೆ ಇನ್ನೊಂದಕ್ಕೆ ಅಂಟ್ಕೊಳ್ಳೋ ತುಣುಕು, ಅಂದ್ರೆ ಫ್ರೀ ರ‍್ಯಾಡಿಕಲ್ಲು ಒಂದು ಅಣುವಿನ ಡಬಲ್ ಬಾಂಡ್ (ಎರಡು ಕಾರ್ಬನ್ ನಡುವಿನ ಜೋಡಿ ಕೊಂಡಿ) ಬಿಚ್ಚುತ್ತೆ, ಆ ತುದಿ ಮುಂದಿನ ಅಣು ಹಿಡ್ಕೊಳ್ಳುತ್ತೆ, ಹಿಂಗೇ ಸಾವಿರದ ಆಸುಪಾಸು ಸೇರಿ ಒಂದು ಚೈನು. ಪಿವಿಸಿ ತೂಕದಲ್ಲಿ ಸುಮಾರು 57% ಬರೀ ಕ್ಲೋರಿನ್ನೇ. ಆದ್ರೆ ಚೈನ್ ಬೆಳೆಯೋವಾಗ ಅಲ್ಲಲ್ಲಿ ಎಡವಟ್ಟಾಗಿ ಕವಲು ಒಡೆಯುತ್ತೆ, ಇಲ್ಲಾ ಡಬಲ್ ಬಾಂಡ್ ಉಳ್ಕೊಳ್ಳುತ್ತೆ, ಅಂಥ ಕಡೆ ಕ್ಲೋರಿನ್ ಹಿಡಿತ ಸಡಿಲ. ಬಿಸಿ ತಗುಲಿದ್ರೆ ಅದು ಪಕ್ಕದ ಹೈಡ್ರೋಜನ್ ಕರ್ಕೊಂಡು ಹೈಡ್ರೋಜನ್ ಕ್ಲೋರೈಡ್ ಗ್ಯಾಸು, ಅಂದ್ರೆ ಎಚ್‌ಸಿಎಲ್ ಆಗಿ ಹೊರಟ್ಹೋಗುತ್ತೆ, ಬಿಟ್ಟ ಜಾಗದಲ್ಲಿ ಡಬಲ್ ಬಾಂಡ್ ಬಂದು ಪಕ್ಕದ ಕ್ಲೋರಿನ್ನೂ ಸಡಿಲ, ಗೋಣಿಚೀಲದ ಹೊಲಿಗೆ ಒಂದೆಳೆ ಎಳೆದ್ರೆ ಸರ್ರಂತ ಬಿಚ್ಕೊಳ್ಳಲ್ವಾ ಹಂಗೆ. ಸಾಲಾಗಿ ಏಳೆಂಟು ಡಬಲ್ ಬಾಂಡ್ ಆಯ್ತೋ ನೀಲಿ ಬೆಳಕು ಹೀರಿ ಹಳದಿ ಕಾಣುತ್ತೆ, ಇನ್ನೂ ಉದ್ದ ಆದ್ರೆ ಕಂದು. ಬಿಸಿಲಿನ ಯುವಿ ಕಿರಣ ಮಾಡೋದೂ ಇದೇ ಕೆಲಸ, ಜೊತೆಗೆ ಗಾಳಿಯ ಆಕ್ಸಿಜನ್ ಸೇರಿ ಚೈನೇ ತುಂಡಾಗುತ್ತೆ, ಅದಕ್ಕೇ ಸೀಳೋದು.

ಘಾಟು ಆ ಎಚ್‌ಸಿಎಲ್‌ದೇ, ಗಂಟಲ ತೇವಕ್ಕೆ ಸೇರಿದ್ರೆ ಆಸಿಡ್. ಉರಿ ತಗುಲಿ ಸುಟ್ರೆ ಡಯಾಕ್ಸಿನ್ ಅನ್ನೋ ವಿಷಾನೂ ಆಗುತ್ತೆ, ದಯವಿಟ್ಟು ತರಗು ಹಚ್ಚೋದು ಬಿಡಿ. 80 ಡಿಗ್ರಿ ಹತ್ರಾನೇ ಪಿವಿಸಿ ಮೆತ್ತಗಾಗುತ್ತೆ, ಕುದಿಯೋ ನೀರು ಸಾಕು. ನನ್ ಕೇಳಿದ್ರೆ ಕಪ್ಲಿಂಗ್ ಹಾಕಿ ಸಲ್ಯೂಷನ್ ಹಚ್ಚೋದೇ ವಾಸಿ.

ಇನ್ನೊಬ್ರು (ಬೋರ್ಡ್ ಕೆಲಸ, ಮೈಸೂರು): ಸಾರ್, ಅಕ್ರಿಲಿಕ್ ಶೀಟ್ ಲೇಸರಲ್ಲಿ ಕಟ್ ಮಾಡ್ವಾಗ ವಾಸನೆ ಬೇರೆ ಥರ ಇರುತ್ತಲ್ಲ?

ಉತ್ತರ: ಅದು ನಿಜವಾಗ್ಲೂ ವಾಪಸ್ ಹೋಗೋ ಜಾತಿ. ಅಕ್ರಿಲಿಕ್ ಚೈನು ತುದಿಯಿಂದ ಒಂದೊಂದೇ ಅಣು ಉದುರಿಸ್ತಾ ಬಹುಪಾಲು ಮೊದಲಿದ್ದ ಕಚ್ಚಾವಸ್ತು ಮೀಥೈಲ್ ಮೆಥಾಕ್ರಿಲೇಟೇ ಆಗುತ್ತೆ, ನಿಮಗೆ ಬರೋದು ಅದರ ವಾಸನೆ, ಎಕ್ಸಾಸ್ಟ್ ಫ್ಯಾನ್ ಇಲ್ದೆ ಕೂರ್ಬೇಡಿ. ಪಿವಿಸಿ ಶೀಟ್ ಮಾತ್ರ ಲೇಸರ್‌ಗೆ ಇಡ್ಲೇಬೇಡಿ, ಎಚ್‌ಸಿಎಲ್ ನಿಮ್ಮ ಮಷೀನನ್ನೇ ತಿಂದಾಕುತ್ತೆ.

ಕಬ್ಬು ಬೆಳೆಗಾರ: ಹಳ್ದಿ ಆಗಿರೋದೆಲ್ಲ ಬಿಸಾಕ್ಬೇಕಾ ಸಾರ್?

ಉತ್ತರ: ಬೇಡ, ಕೆಟ್ಟಿರೋದು ಮೇಲಿನ ತೆಳು ಪದರ. ನೀರಿನ ಪ್ರೆಷರ್ ತಡ್ಕೊಳ್ಳುತ್ತೆ, ಏಟು ತಡ್ಕೊಳ್ಳಲ್ಲ ಅಷ್ಟೆ. ಸೀಳಿರೋ ತುಂಡು ಕೊಯ್ದು ತೆಗೀರಿ, ಮಿಕ್ಕಿದ್ದು ಮಣ್ಣಲ್ಲಿ ಹೂಳಿ, ಆಗ್ದಿದ್ರೆ ನೀರಲ್ಲಿ ಕಲ್ಸೋ ಬಿಳಿ ಪೇಂಟ್ ಹೊಡೀರಿ. ಎಣ್ಣೆ ಪೇಂಟು, ಥಿನ್ನರ್ ಬೇಡ.