ಮೂರನೆಯ ವಸ್ತು ಬಂದರೆ ಅನುಪಾತ ಕೈಕೊಡುತ್ತದೆ, ಏನು ಮಾಡೋದು?

ಚಿಂತಾಮಣಿ, ಬಟ್ಟೆ ಅಂಗಡಿ: ಮಗಳು ಏಳನೇ ಕ್ಲಾಸು. ಎರಡು ವಸ್ತುವಿನ ಅನುಪಾತ ಸಲೀಸಾಗಿ ಮಾಡುತ್ತಾಳೆ. ಮೂರನೆಯದು ಬಂದರೆ ತಬ್ಬಿಬ್ಬು. ಬೇರೆ ಬೇರೆ ಕಸುಬಿನವರು ಇದನ್ನು ಹೇಗೆ ಬಳಸುತ್ತಾರೆ ಅಂತ ಬರೆದು ತರಲು ಮೇಡಂ ಹೇಳಿದ್ದಾರೆ. ನಿಮ್ಮ ಕೆಲಸದ ಲೆಕ್ಕ ಹೇಳುತ್ತೀರಾ?

ಗೌರಿಬಿದನೂರು, ಗಾರೆ ಕೆಲಸ: ಕಾಂಕ್ರೀಟಿಗೆ 1:2:4. ಸಿಮೆಂಟ್ ಒಂದು, ಮರಳು ಎರಡು, ಜಲ್ಲಿ ನಾಲ್ಕು. ಇದು ತೂಕದ ಲೆಕ್ಕ ಅಲ್ಲ ಸಾರ್, ಅಳತೆಯದು. 50 ಕೆಜಿ ಸಿಮೆಂಟ್ ಮೂಟೆ ಸುಮಾರು 35 ಲೀಟರ್ ಬರುತ್ತದೆ. ಅದಕ್ಕೆ ಮರಳು 70 ಲೀಟರ್, ಜಲ್ಲಿ 140. ನನ್ನ ಸ್ವಂತ ಮನೆಗೆ ಕಲಸುವಾಗ ಹುಡುಗ ಸಿಮೆಂಟನ್ನು ಬಾಂಡ್ಲಿಗೆ ಸಮವಾಗಿ ತುಂಬಿ, ಮರಳನ್ನು ಗೋಪುರದ ಹಾಗೆ ತುಂಬಿದ್ದ. ಬಾಯಲ್ಲಿ 1:2, ಬಾಂಡ್ಲಿಯಲ್ಲಿ ಹತ್ತಿರ ಹತ್ತಿರ 1:3. ಮೆಟ್ಟಿಲು ಇವತ್ತಿಗೂ ಪುಡಿ ಉದುರುತ್ತದೆ.

ಶಿಡ್ಲಘಟ್ಟ, ರೇಷ್ಮೆ ರೀಲರ್: ನಮ್ಮ ಅನ್ನ ಇರೋದೇ ಒಂದು ಅನುಪಾತದ ಮೇಲೆ. ಹೆಸರು ರೆಂಡಿಟ್ಟ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಅನ್ನುವುದು. ಇಲ್ಲಿ ಅಂಕಿ ಕಮ್ಮಿ ಆದಷ್ಟೂ ಒಳ್ಳೆಯದು. ಲೆಕ್ಕಕ್ಕೆ ಹೇಳುತ್ತೇನೆ: ಒಂದು ಗೂಡು ಕೆಜಿಗೆ 500 ರೂಪಾಯಿ, ರೆಂಡಿಟ್ಟ 8. ಇನ್ನೊಂದು 600, ರೆಂಡಿಟ್ಟ 6.5. ಕೆಜಿ ನೂಲಿಗೆ ಮೊದಲನೆಯದು 4,000 ಆಯಿತು, ಎರಡನೆಯದು 3,900. ದುಬಾರಿ ಗೂಡೇ ಅಗ್ಗ, ಅಲ್ವಾ? ಹೊಸದರಲ್ಲಿ ನಾನು ಹರಾಜಿನಲ್ಲಿ ದರ ಮಾತ್ರ ನೋಡಿ ಕೈ ಸುಟ್ಟುಕೊಂಡಿದ್ದೇನೆ.

ತುಮಕೂರು, ನಿವೃತ್ತ ಶಿಕ್ಷಕಿ: ಮೂರನೆಯದಕ್ಕೆ ಅಡುಗೆಮನೆ ಸಾಕಪ್ಪ. ನಮ್ಮ ಸಾರಿನ ಪುಡಿಗೆ ತೂಕದಲ್ಲಿ ಮೆಣಸಿನಕಾಯಿ, ಧನಿಯ 2:3. ಧನಿಯ, ಜೀರಿಗೆ 4:1. ಎರಡರಲ್ಲೂ ಇರುವುದು ಧನಿಯ. ಅದನ್ನು ಎರಡೂ ಕಡೆ 12 ಮಾಡಿಕೊಂಡರೆ 8:12:3 ಸಿಕ್ಕಿತು. ಇನ್ನೊಂದು, ಯಾವುದಕ್ಕೆ ಯಾವುದು ಅಂತ ಪಕ್ಕದಲ್ಲಿ ಬರೆಸಿ. 2011ರ ಜನಗಣತಿಯಲ್ಲಿ 1,000 ಗಂಡಸರಿಗೆ ತುಮಕೂರು ಜಿಲ್ಲೆಯಲ್ಲಿ 984 ಹೆಂಗಸರು, ಕೋಲಾರದಲ್ಲಿ 979, ಚಿಕ್ಕಬಳ್ಳಾಪುರದಲ್ಲಿ 972. ಎಷ್ಟೋ ದೇಶಗಳಲ್ಲಿ ಇದನ್ನೇ ತಿರುಗಿಸಿ, 100 ಹೆಂಗಸರಿಗೆ ಎಷ್ಟು ಗಂಡಸರು ಅಂತ ಬರೆಯುತ್ತಾರೆ.

ಮುಳಬಾಗಿಲು, ಟೊಮೆಟೊ ಬೆಳೆಗಾರ: ಗೊಬ್ಬರದ ಚೀಲ ತೋರಿಸಿ. ಅದರ ಮೇಲೆ 19:19:19 ಅಂತ ಇರುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್. 100 ಕೆಜಿಯಲ್ಲಿ ಒಂದೊಂದೂ 19 ಕೆಜಿ. ಉಳಿದ 43 ಬೇರೆ ಪದಾರ್ಥ. ಈಗ 17:17:17 ತಗೊಳ್ಳಿ. ಸ್ಕೂಲಿನ ಲೆಕ್ಕದಲ್ಲಿ ಎರಡೂ 1:1:1. ಒಂದು ಸಲ 19 ಸಿಗಲಿಲ್ಲ, ಅಂಗಡಿಯವರು ‘ಎಲ್ಲಾ ಒಂದೇ’ ಅಂತ 17 ಕೊಟ್ಟರು. ನಾನೂ ತಲೆಯಾಡಿಸಿದೆ. 19 ನೀರಿನಲ್ಲಿ ಕರಗುವ ಗೊಬ್ಬರ, 17 ಮಣ್ಣಿಗೆ ಹಾಕುವ ಹರಳು. ಡ್ರಿಪ್‌ಗೆ ಬಿಟ್ಟೆ, ಫಿಲ್ಟರ್ ಕಟ್ಟಿಕೊಂಡಿತು. ಎರಡು ದಿನ ಪೈಪು ತೊಳೆದಿದ್ದೇ ಬಂತು.

ಚಿಂತಾಮಣಿ, ಬಟ್ಟೆ ಅಂಗಡಿ: ಎಲ್ಲರಿಗೂ ಥ್ಯಾಂಕ್ಸ್. ಸಾರಿನ ಪುಡಿ ತಕ್ಷಣ ಅರ್ಥ ಆಯಿತು. ಆದರೆ ಗೊಬ್ಬರದ್ದು ಓದಿ ‘ಹಾಗಾದ್ರೆ ಮೇಡಂ ಯಾವಾಗಲೂ ಸರಳ ಮಾಡು ಅಂತಾರಲ್ಲ, ಯಾಕೆ?’ ಅಂದಳು. ನನಗೆ ಹೊಳೆಯಲಿಲ್ಲ.

ಮುಳಬಾಗಿಲು, ಟೊಮೆಟೊ ಬೆಳೆಗಾರ: ಒಳ್ಳೇ ಹುಡುಗಿ. ಉಳಿದದ್ದನ್ನೂ ಸೇರಿಸಿ ಬರೆಯೋಕೆ ಹೇಳಿ. ಒಂದು 19:19:19:43, ಇನ್ನೊಂದು 17:17:17:49. ಈಗ ಸರಳ ಮಾಡು ಅನ್ನಿ, ನೋಡೋಣ.