ದಸರಾ ರಾತ್ರಿ ಮೈಸೂರಲ್ಲಿ ಟ್ರೆಷರ್ ಹಂಟ್: ಮಕ್ಕಳು, ಅತ್ತೆ ಎಲ್ಲರನ್ನೂ ಕರ್ಕೊಂಡು ಹೋದವರು ಯಾರಾದ್ರೂ ಇದ್ದೀರಾ?

ಪ್ರಶ್ನೆ (ಬೆಂಗಳೂರಿಂದ, ಇಬ್ಬರು ಮಕ್ಕಳ ತಾಯಿ):

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿರುವ ನನ್ನ ನಾದಿನಿಯ ಬಡಾವಣೆಯವರು ಈ ಸಲ ದಸರಾ ದೀಪಾಲಂಕಾರ ಇರುವಾಗಲೇ ಒಂದು ರಾತ್ರಿ ಹಳೇ ಕಟ್ಟಡಗಳ ಸುತ್ತ ಟ್ರೆಷರ್ ಹಂಟ್ ಇಟ್ಟುಕೊಂಡಿದ್ದಾರೆ. ಒಂದು ಮನೆ, ಒಂದು ತಂಡ. ಸಂಜೆ 6:30ಕ್ಕೆ ಪುರಭವನದ ಮುಂದೆ ಶುರು, 9:30ಕ್ಕೆ ಮುಗೀಬೇಕು. ಎಂಟು ಸುಳಿವು, ಎಲ್ಲಾ ನಡ್ಕೊಂಡೇ. ನಮ್ಮ ತಂಡದಲ್ಲಿ ನಾನು, ಯಜಮಾನರು, 11 ವರ್ಷದ ಮಗಳು, 6 ವರ್ಷದ ಮಗ, ಮತ್ತೆ ಮಂಡಿನೋವಿರುವ ಅತ್ತೆ. ಅವರು ಮೈಸೂರಲ್ಲೇ ಹುಟ್ಟಿ ಬೆಳೆದವರು, ಬಂದೇ ಬರ್ತೀನಿ ಅಂತ ಕೂತಿದ್ದಾರೆ. ಆ ಜನಜಂಗುಳಿಯಲ್ಲಿ ಇದೆಲ್ಲ ಆಗುತ್ತಾ? ಮೊದಲೇ ಏನು ಓದಿಕೊಂಡಿರಬೇಕು, ಏನು ತಗೊಂಡು ಹೋಗಬೇಕು? ನಿಮ್ಮ ಅನುಭವ ಹೇಳಿ.

ಅಗ್ರಹಾರದವಳು:

ಅತ್ತೆಯವರನ್ನು ಮನೇಲಿ ಬಿಟ್ಟು ಹೋದ್ರೆ ಅರ್ಧ ಸೋತ ಹಾಗೇ ಅಂದ್ಕೊಳ್ಳಿ. ತಮಾಷೆ ಅಲ್ಲ. ಎರಡು ವರ್ಷದ ಹಿಂದೆ ನಾವೂ ಇಂಥದ್ದೇ ಒಂದಕ್ಕೆ ಹೋಗಿದ್ದೆವು. ಮೊದಲನೇ ಸುಳಿವು ಹೀಗಿತ್ತು: "ಆಳಿದ ವರ್ಷ ಇಪ್ಪತ್ತೈದು, ನಿಂತ ಎತ್ತರ ಎಪ್ಪತ್ತೈದು." ನನ್ನ ಗಂಡ ಮೊಬೈಲ್ ತೆಗೆದು ಹುಡುಕ್ತಾ ನಿಂತರು. ನಮ್ಮ ಮಾವ ಚೀಟಿ ನೋಡಿದವರೇ "ದೊಡ್ಡ ಗಡಿಯಾರ ಕಣೋ" ಅಂದುಬಿಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ಪೂರ್ತಿ ಅಧಿಕಾರ ವಹಿಸಿಕೊಂಡಿದ್ದು 1902ರಲ್ಲಿ. 1927ಕ್ಕೆ 25 ವರ್ಷ ತುಂಬಿತು. ಅದರ ನೆನಪಿಗೆ ಅರಮನೆ ನೌಕರರು ಕಟ್ಟಿಸಿದ ಗೋಪುರ ಅದು, 75 ಅಡಿ. ಪುರಭವನದಿಂದ ನಾಲ್ಕು ಹೆಜ್ಜೆ, ನಾವು ಅದರ ಬುಡದಲ್ಲೇ ನಿಂತು ಗೂಗಲ್ ಮಾಡ್ತಿದ್ದೆವು!

ಅಲ್ಲಿ ಹೋದಮೇಲೆ ಇನ್ನೊಂದು. "ಹನ್ನೆರಡರ ಎಡಗಡೆ ಮನೆಯಲ್ಲಿ ಯಾರಿದ್ದಾರೋ ಅವರ ಚಿತ್ರ ಹಾಗೇ ಬಿಡಿಸಿ ತನ್ನಿ." ಮಗ ಕತ್ತೆತ್ತಿ ನೋಡ್ದ. ನೋಡ್ದ, ನೋಡ್ದ, ಆಮೇಲೆ "ಅಮ್ಮಾ, ಅಲ್ಲಿ ಎರಡು ಸೊನ್ನೆ ಬಾಯಿ ಬಿಟ್ಕೊಂಡಿವೆ" ಅಂದ. ದೊಡ್ಡ ಗಡಿಯಾರದ ಮುಖದಲ್ಲಿರೋದು ಕನ್ನಡ ಅಂಕಿ ನೋಡಿ. ಹನ್ನೊಂದು ಅಂದ್ರೆ ೧೧. ನಮ್ಮ ಹುಡುಗ ಕನ್ನಡ ಮಾತಾಡ್ತಾನೆ, ಓದ್ತಾನೆ, ಆದ್ರೆ ಅಂಕಿ ಕಲಿಸಿದವರು ಯಾರು? ಶಾಲೆಯಲ್ಲೂ ಇಲ್ಲ, ನಾನೂ ಇಲ್ಲ. ಮಾವ ಅವನ ಅಂಗೈ ಮೇಲೆ ಬೆರಳಲ್ಲಿ ಒಂದರಿಂದ ಹನ್ನೆರಡರ ತನಕ ಬರೆದು ತೋರಿಸಿದರು. ಕಚಗುಳಿ ಆಗಿ ಅವನು ಕೈ ಎಳ್ಕೊಳ್ಳೋದು, ಇವರು ಮತ್ತೆ ಹಿಡ್ಕೊಳ್ಳೋದು. ಅಷ್ಟರಲ್ಲಿ ಮೂರು ತಂಡ ನಮ್ಮನ್ನು ದಾಟಿ ಹೋಯ್ತು. ಅದಕ್ಕೇ ಹೇಳೋದು, ಈ ವಾರವೇ ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿ. ೬ ಮತ್ತು ೯ ಎರಡನ್ನೂ ಚೆನ್ನಾಗಿ ಉಜ್ಜಿಸಿ, ಎಲ್ಲರೂ ಎಡವೋದು ಅಲ್ಲೇ.

ನಡಿಗೆ ಬಗ್ಗೆ ಹೇಳೋದಾದ್ರೆ ಜಾಗಗಳು ದೂರ ಏನಿಲ್ಲ. ಪುರಭವನ, ದೊಡ್ಡ ಗಡಿಯಾರ, ಅರಮನೆಯ ಬಲರಾಮ ದ್ವಾರ, ಅಲ್ಲೇ ಕೋಟೆ ಆಂಜನೇಯನ ಗುಡಿ, ಚಾಮರಾಜ ವೃತ್ತ, ಕೆ.ಆರ್. ವೃತ್ತ, ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರ, ಎಲ್ಲ ಅಕ್ಕಪಕ್ಕ. ಹಗಲು ಖಾಲಿ ರಸ್ತೆಯಲ್ಲಿ ಅರ್ಧ ಗಂಟೆಗೆ ಸುತ್ತಿ ಬರಬಹುದು. ದಸರಾ ಸಂಜೆ ಅದರ ಎರಡರಷ್ಟು ಹಿಡಿಯುತ್ತೆ ಅಂತಲೇ ಲೆಕ್ಕ ಹಾಕಿ. ಜಗನ್ಮೋಹನ ಅರಮನೆಯೋ ಸಂತ ಫಿಲೋಮಿನಾ ಚರ್ಚೋ ಪಟ್ಟಿಯಲ್ಲಿದ್ರೆ ಮಾತ್ರ ಅತ್ತೆಯವರಿಗೆ ಕಷ್ಟ. ಅವರನ್ನು ಕೋಟೆ ಆಂಜನೇಯನ ಗುಡಿ ಹತ್ತಿರ ಎಲ್ಲಾದ್ರೂ ಕೂರಿಸಿ, ಅದನ್ನೇ ನಿಮ್ಮ ಠಾಣೆ ಮಾಡ್ಕೊಳ್ಳಿ. ಹೋಗಿ ಬಂದು, ಹೋಗಿ ಬಂದು ಮಾಡಿ.

ಸುಮ್ನೆ ಓದೋನು:

ಕಾರು ಅರಮನೆ ಹತ್ತಿರಕ್ಕೆ ತರಲೇಬೇಡಿ. ಸಂಜೆ ಆ ಕಡೆ ಏಕಮುಖ ಸಂಚಾರ ಮಾಡಿರ್ತಾರೆ, ಒಂದು ತಿರುವು ತಪ್ಪಿದ್ರೆ ಎಲ್ಲೋ ಹೋಗಿ ಬೀಳ್ತೀರ. ಮಕ್ಕಳನ್ನು ಮನೆಯಿಂದ ಹೊರಡುವಾಗಲೇ ಬಾತ್ರೂಮಿಗೆ ಕಳಿಸಿ. ಹೊಸ ಚಪ್ಪಲಿ ಹಾಕಬೇಡಿ. ಇಷ್ಟೇ.

ಸುಳಿವು ಬರೆಯೋನು:

ನಮ್ಮ ಅಪಾರ್ಟ್‌ಮೆಂಟಿನವರಿಗೆ ಮೂರು ಸಲ ಇಂಥ ಆಟ ನಾನೇ ಕಟ್ಟಿಕೊಟ್ಟಿದ್ದೀನಿ. ಆ ಕಡೆಯವನ ಕಥೆ ಕೇಳಿ, ನಿಮಗೆ ಉಪಯೋಗ ಆಗುತ್ತೆ.

ಸುಳಿವು ಬರೆಯೋರು ಜಾಗ ನೋಡ್ಕೊಂಡು ಬರೋದು ಹಗಲು ಹೊತ್ತಲ್ಲಿ. ರಾತ್ರಿ ಅದೇ ಜಾಗ ಬೇರೆ ಥರ ಇರುತ್ತೆ. ಸೀರಿಯಲ್ ಸೆಟ್ ಬಲ್ಬು ಕಟ್ಟಡದ ಅಂಚನ್ನು ಮಾತ್ರ ಬರೆಯುತ್ತೆ, ಒಳಗಿನ ಗೋಡೆ ಇನ್ನೂ ಕಪ್ಪಾಗುತ್ತೆ. ನಾನು ಒಂದು ಸಲ ಕಲ್ಲಿನ ಫಲಕದಲ್ಲಿರೋ ಇಸವಿ ಓದಿ ಬನ್ನಿ ಅಂತ ಬರೆದಿದ್ದೆ. ಆ ದಿನ ಹೋಗಿ ನೋಡಿದ್ರೆ ಫಲಕದ ಮೇಲೆ ಶುಭಾಶಯದ ಫ್ಲೆಕ್ಸು, ಅದರಲ್ಲಿ ಹದಿನೈದು ಜನ ಕೈ ಮುಗಿದು ನಿಂತಿದ್ದಾರೆ! ಹಾಗಾಗಿ ಮೊಬೈಲ್ ಟಾರ್ಚು ನಂಬಬೇಡಿ, ಚಿಕ್ಕದೊಂದು ಬೇರೆ ಟಾರ್ಚು ಇಟ್ಕೊಳ್ಳಿ. ಸುಳಿವು ಕಾಣಿಸದಿದ್ರೆ ಅದು ನಿಮ್ಮ ದಡ್ಡತನ ಅಂದ್ಕೋಬೇಡಿ, ನಮ್ಮಂಥವರದ್ದೂ ಇರಬಹುದು.

ಇನ್ನೊಂದು ಸಲ ಏಳನೇ ಚೀಟಿಯನ್ನು ನಿಲ್ಲಿಸಿದ್ದ ಟಾಂಗಾದ ಸೀಟಿನ ಕೆಳಗೆ ಇಟ್ಟೆ. ಟಾಂಗಾದವರಿಗೆ ಹೇಳಿಯೇ ಇಟ್ಟಿದ್ದು, ಚಹಾಗೂ ಕೊಟ್ಟಿದ್ದೆ. ಬಾಡಿಗೆ ಬಂತು, ಅವರು ಹೋದರು. ಹೋಗದೆ ಇನ್ನೇನು ಮಾಡ್ತಾರೆ ಪಾಪ, ದಸರಾದಲ್ಲೇ ತಾನೇ ಅವರಿಗೆ ನಾಲ್ಕು ಕಾಸು? ನಾಲ್ಕು ತಂಡದವರು ಖಾಲಿ ಜಾಗದಲ್ಲಿ ಕುದುರೆ ಲದ್ದಿ ಸುತ್ತ ನಿಂತ್ಕೊಂಡು "ಇದರಲ್ಲೇನಾದ್ರೂ ಅರ್ಥ ಇದೆಯಾ" ಅಂತ ಚರ್ಚೆ ಮಾಡ್ತಿದ್ರು.

ಅರಮನೆ ದೀಪದ ವಿಷಯ. ಒಂದು ಲಕ್ಷದ ಹತ್ತಿರ ಬಲ್ಬು ಒಂದೇ ಸಲ ಹೊತ್ತಿಕೊಂಡಾಗ ಇಡೀ ಜನ ನಿಂತಲ್ಲೇ ನಿಂತು ಮೊಬೈಲ್ ಎತ್ತುತ್ತಾರೆ. ಐದು ನಿಮಿಷ ಒಬ್ಬರೂ ಅಲ್ಲಾಡೋದಿಲ್ಲ. ಅರಮನೆ ಬಾಗಿಲ ಕಡೆಯ ಸುಳಿವು ಇದ್ರೆ ಅದನ್ನು ದೀಪ ಹತ್ತುವ ಮೊದಲೇ ಮುಗಿಸಿ. ಇಲ್ಲಾಂದ್ರೆ ಆಟ ಮರೆತು ನೀವೂ ನಿಂತು ನೋಡಿ, ಅದರಲ್ಲಿ ತಪ್ಪೇನೂ ಇಲ್ಲ.

ಓದೋಕೆ ತುಂಬಾ ಏನೂ ಬೇಡ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಯ್ತು, ಈಗಿನದನ್ನು ಹೆನ್ರಿ ಇರ್ವಿನ್ ನಕ್ಷೆ ಮಾಡಿ 1912ಕ್ಕೆ ಮುಗಿಸಿದರು. ಪುರಭವನ 1884ರದ್ದು, ದಿವಾನ್ ರಂಗಾಚಾರ್ಲು ನೆನಪಿಗೆ. ಪ್ರಜಾಪ್ರತಿನಿಧಿ ಸಭೆ ಶುರು ಮಾಡಿಸಿದವರು ಅವರೇ, 1881ರಲ್ಲಿ. ಚಿಕ್ಕ ಗಡಿಯಾರ ವೈಸ್‌ರಾಯ್ ಡಫರಿನ್ ಹೆಸರಿನದ್ದು. ಜಗನ್ಮೋಹನ ಅರಮನೆ 1861. ಲಾಂಛನದಲ್ಲಿ ಗಂಡಭೇರುಂಡ, ಅದರ ಜೊತೆ "ನ ಬಿಭೇತಿ ಕದಾಚನ", ಅಂದ್ರೆ ಯಾವತ್ತೂ ಹೆದರೋದಿಲ್ಲ ಅಂತ. ಸುಳಿವು ಬರೆಯೋರು ತಿರುಗಿ ಮುರುಗಿ ಇವಿಷ್ಟರಲ್ಲೇ ಕೈ ಹಾಕ್ತೀವಿ.

ಹುಬ್ಬಳ್ಳಿ ಅಪ್ಪ:

ಎಲ್ಲರೂ ಸುಳಿವಿನ ಬಗ್ಗೆ ಹೇಳ್ತಿದ್ದೀರಿ, ನಾನು ಮಗು ಕಳೆದುಹೋದ ಕಥೆ ಹೇಳ್ತೀನಿ. ಕೆ.ಆರ್. ವೃತ್ತದ ಹತ್ತಿರ ನನ್ನ ಕೈಯಲ್ಲಿ ಚೀಟಿ, ಹೆಂಡತಿ ಕೈಯಲ್ಲಿ ಚೀಲ, ಮಗ ಇಬ್ಬರ ನಡುವೆ. ನಾನು ಅವಳ ಕೈ ಹಿಡಿದಿದ್ದಾನೆ ಅಂದ್ಕೊಂಡೆ, ಅವಳು ನನ್ನ ಕೈ ಅಂದ್ಕೊಂಡಳು. ಏಳೆಂಟು ನಿಮಿಷ ಅಷ್ಟೇ. ಆದ್ರೆ ಆ ಏಳೆಂಟು ನಿಮಿಷದಲ್ಲಿ ನನಗೆ ಅವನು ಯಾವ ಬಣ್ಣದ ಅಂಗಿ ಹಾಕಿದ್ದ ಅನ್ನೋದೇ ನೆನಪಾಗಲಿಲ್ಲ. ಪೊಲೀಸಿನವರು ಕೇಳಿದ ಮೊದಲ ಪ್ರಶ್ನೆಯೇ ಅದು. ಸಿಕ್ಕಿದ್ದು ಪೀಪಿ ಮಾರೋನ ಪಕ್ಕ, ಒಂಚೂರೂ ಕದಲದೆ ನಿಂತಿದ್ದ. "ಕಳೆದುಹೋದ್ರೆ ನಿಂತಲ್ಲೇ ನಿಲ್ಲು" ಅಂತ ಅವರಮ್ಮ ಜಾತ್ರೆಗೆ ಹೋದಾಗೆಲ್ಲ ಹೇಳ್ತಿದ್ದಳು, ಅದೇ ಕಾಪಾಡಿತು.

ಹೊರಡೋ ಮೊದಲು ಮಕ್ಕಳ ಒಂದು ಫೋಟೋ ತೆಗೆದುಕೊಳ್ಳಿ, ಆ ದಿನದ ಬಟ್ಟೆಯಲ್ಲೇ. ಕೈ ಮೇಲೆ ಪೆನ್ನಲ್ಲಿ ಬರೆದ ನಂಬರ್ ಬೆವರಿಗೆ ಅಳಿಸಿಹೋಗುತ್ತೆ, ಚೀಟಿ ಬರೆದು ಜೇಬಿಗೆ ಪಿನ್ ಹಾಕಿ. ಜನ ಜಾಸ್ತಿ ಆದಾಗ ಫೋನ್ ಸಿಗೋದೇ ಇಲ್ಲ. ನಮಗೆ ನಾಲ್ಕು ವಾಟ್ಸಾಪ್ ಸುಳಿವು ಒಟ್ಟಿಗೇ ಬಂದು ಬಿದ್ದವು, ಆಟ ಮುಗಿದು ದೋಸೆ ತಿಂತಿರುವಾಗ.

ಬರ್ಲಿನ್ ಕನ್ನಡತಿ:

ಇಲ್ಲಿ ವರ್ಷಕ್ಕೊಮ್ಮೆ ಮ್ಯೂಸಿಯಂಗಳ ಉದ್ದ ರಾತ್ರಿ ಅಂತ ಮಾಡ್ತಾರೆ, 1997ರಲ್ಲಿ ಈ ಊರಲ್ಲೇ ಶುರುವಾಗಿದ್ದು. ಒಂದೇ ಟಿಕೆಟ್, ಮಧ್ಯರಾತ್ರಿ ದಾಟೋ ತನಕ ಎಷ್ಟು ಮ್ಯೂಸಿಯಂ ಬೇಕಾದ್ರೂ ನೋಡಿ. ನಾವು ಆಸೆಗೆ ಬಿದ್ದು ಆರು ಗುರುತು ಹಾಕ್ಕೊಂಡಿದ್ದೆವು. ಎರಡನೆಯದರಲ್ಲೇ, ನಿಸರ್ಗ ವಿಜ್ಞಾನದ ಮ್ಯೂಸಿಯಂನಲ್ಲಿ, 13 ಮೀಟರಿಗೂ ಎತ್ತರದ ಡೈನೋಸಾರ್ ಅಸ್ಥಿಪಂಜರದ ಕೆಳಗೆ ಮಗ ನಿದ್ದೆ ಹೋದ. ಅದನ್ನು ನೋಡಬೇಕು ಅಂತ ಒಂದು ತಿಂಗಳಿಂದ ಪ್ರಾಣ ತಿಂದಿದ್ದ! ಆರು ವರ್ಷದವನಿಗೆ ಮಧ್ಯಾಹ್ನ ಬಲವಂತ ಮಾಡಿಯಾದ್ರೂ ಮಲಗಿಸಿ. ಐದೂವರೆಗೆ ಹೊಟ್ಟೆ ತುಂಬಾ ಮೊಸರನ್ನ ಕೊಡಿ, ದಾರಿಯಲ್ಲಿ ಕೊಡಿಸ್ತೀನಿ ಅಂದ್ಕೋಬೇಡಿ.

ಗೆಲ್ಲೋಕೆ ಹೋಗೋನು:

ಯಾರೂ ಹೇಳದ ಮಾತು ನಾನು ಹೇಳ್ತೀನಿ. ಮಂಡಿನೋವಿನವರನ್ನೂ ಆರು ವರ್ಷದವನನ್ನೂ ಕರ್ಕೊಂಡು ಹೋದ್ರೆ ಗೆಲ್ಲೋದಿಲ್ಲ. ಗೆಲ್ಲಬೇಕು ಅಂದ್ರೆ ನೀವಿಬ್ಬರೂ ಮಗಳೂ ಹೋಗಿ, ಅಷ್ಟೇ.

ಅಗ್ರಹಾರದವಳು:

ಬಹುಮಾನ ಏನಂತೆ, ಒಂದು ಸ್ಟೀಲ್ ಡಬ್ಬಿ ತಾನೇ? ನಮಗೆ ಕೊಟ್ಟಿದ್ದು ಅದೇ. ಹೋಗಲಿ ಬಿಡಿ ಸಾರ್.

ಪ್ರಶ್ನೆ ಕೇಳಿದವಳು, ಹೋಗಿ ಬಂದಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ಒಂಬತ್ತು ತಂಡದಲ್ಲಿ ನಾವು ಆರನೇದು.

ಫೋಟೋ, ಜೇಬಿನ ಚೀಟಿ, ಟಾರ್ಚು ಎಲ್ಲ ಕೆಲಸಕ್ಕೆ ಬಂತು. ಮಗ ಮಧ್ಯಾಹ್ನ ಮಲಗಲೇ ಇಲ್ಲ, ಆದ್ರೆ ಮೊಸರನ್ನ ತಿಂದ. ಫೋನ್ ಹೇಳಿದ ಹಾಗೇ ಕೈಕೊಟ್ಟಿತು. ಅತ್ತೆಯನ್ನು ಗುಡಿ ಹತ್ತಿರ ಕೂರಿಸಿ ಯಜಮಾನರು ಓಲೆಕಾರನ ಥರ ಹೋಗಿ ಬಂದು ಮಾಡಿದರು. ಮೂರು ಸುಳಿವು ಅವರು ಕೂತಲ್ಲೇ ಬಿಡಿಸಿದರು. ನಾಲ್ಕನೇ ಸಲ ಹೋದ್ರೆ ಅತ್ತೆ ಅಲ್ಲಿಲ್ಲ. ಎದೆ ಧಸಕ್ಕಂತು. ನೋಡಿದ್ರೆ ಪಕ್ಕದಲ್ಲಿ ಹೂವು ಮಾರ್ತಿದ್ದವರ ಜೊತೆ ಸ್ಟೂಲಿನ ಮೇಲೆ ಕೂತು, ಚೀಟಿಯನ್ನು ಅವರಿಗೂ ಓದಿ ಹೇಳ್ತಿದ್ದಾರೆ.

ಕೊನೆಗೆ ಚಿಕ್ಕ ಗಡಿಯಾರಕ್ಕೆ ನಾನೂ ಬರ್ತೀನಿ ಅಂದರು. ನಿಧಾನಕ್ಕೆ ಬಂದೆವು. ಗಡಿಯಾರ ನೋಡಲಿಲ್ಲ, ತಿರುಗಿ ಲ್ಯಾನ್ಸ್‌ಡೌನ್ ಕಟ್ಟಡದ ಕಡೆ ನೋಡ್ತಾ ನಿಂತರು. ಕಾಲೇಜಿನ ಪುಸ್ತಕ ಎಲ್ಲ ಅಲ್ಲಿಯ ಹಳೇ ಪುಸ್ತಕದಂಗಡಿಯಲ್ಲೇ ಕೊಂಡಿದ್ದಂತೆ, ವರ್ಷ ಮುಗಿದಮೇಲೆ ಅಲ್ಲೇ ಮಾರಿದ್ದಂತೆ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತಿದ್ದು ಮಗಳಿಗೆ ಗೊತ್ತಿರಲಿಲ್ಲ. "ಅಜ್ಜಿ, ನಿಮ್ಮ ಅಂಗಡಿ ಯಾವ ಕಡೆ ಇತ್ತು?" ಅಂತ ಕೇಳಿದಳು. ಅತ್ತೆ ಕೈ ಎತ್ತಿ ತೋರಿಸಿದರು. ಸುತ್ತ ಎಲ್ಲ ದೀಪ, ಅದೊಂದು ಕಡೆ ಕತ್ತಲೆ. ಹದಿನೈದು ನಿಮಿಷ ಅಲ್ಲೇ ಹೋಯ್ತು, ಹೋಗೋಣ ಅಂತ ಯಾರೂ ಅನ್ನಲಿಲ್ಲ.

ಕೊನೇ ಸುಳಿವು ದೇವರಾಜ ಮಾರುಕಟ್ಟೆಯದ್ದು. "ಊರಿನ ಹೆಸರು ಹೊತ್ತ ಮೂರನ್ನು ತನ್ನಿ: ಒಂದು ಮುಡಿಗೆ, ಒಂದು ಊಟ ಆದಮೇಲೆ, ಒಂದು ಊಟಕ್ಕೆ ಮೊದಲೇ ಖಾಲಿ." ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಮೈಸೂರು ಪಾಕ್. ಇದನ್ನು ಬಿಡಿಸಿದ್ದು ಮಗ, ಕಟ್ಟಕಡೆಯದರಿಂದ ಶುರು ಮಾಡಿ. ಅಂಗಡಿಯಲ್ಲಿ ಒಂದೇ ತುಂಡು ಪಾಕ್ ತಗೊಂಡೆವು, ತೋರಿಸೋಕೆ ತಾನೇ ಅಂತ. ಪುರಭವನಕ್ಕೆ ವಾಪಸ್ ಬಂದು ಗುರುತು ಹಾಕೋ ಹುಡುಗಿಯ ಮುಂದೆ ಮಲ್ಲಿಗೆ ಇಟ್ಟೆವು, ಎಲೆ ಇಟ್ಟೆವು, ಪೊಟ್ಟಣ ಬಿಚ್ಚಿದ್ರೆ ತುಪ್ಪ ಹೀರಿಕೊಂಡ ಕಾಗದ ಮಾತ್ರ. ಮಗ ನನ್ನ ಹಿಂದೆ ನಿಂತು ಕೈ ಒರೆಸ್ಕೊಳ್ತಿದ್ದ. "ಸುಳಿವಲ್ಲೇ ಇತ್ತಲ್ಲಮ್ಮ, ಮೊದಲೇ ಖಾಲಿ ಅಂತ" ಅಂದ. ಆ ಹುಡುಗಿ ನಕ್ಕು ಅರ್ಧ ಅಂಕ ಕೊಟ್ಟಳು.

ಮುಂದಿನ ಸಲ ಕಾಲು ಕಿಲೋ ತಗೋಬೇಕು.