ಸಾಫ್ಟ್‌ನರ್ ಇದ್ದೂ ಗಡಸು ನೀರೇ ಬರುತ್ತಿದೆ, ರೆಸಿನ್ ಬದಲಿಸಲೇಬೇಕಾ?

ದಟ್ಟಗಳ್ಳಿ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೈಸೂರಿನ ದಟ್ಟಗಳ್ಳಿ ಕಡೆ. ಕಾವೇರಿ ನೀರನ್ನು ಅಡುಗೆಗೆ, ಕುಡಿಯುವುದಕ್ಕೆ ಅಂತ ಹಿಡಿದಿಟ್ಟುಕೊಳ್ಳುತ್ತೇವೆ. ಸ್ನಾನ, ಬಟ್ಟೆ, ಪಾತ್ರೆ ಎಲ್ಲದಕ್ಕೂ ಬೋರ್ ನೀರು. ಅದು ತುಂಬಾ ಗಡಸು ಅಂತ 6 ವರ್ಷದ ಹಿಂದೆ ಸಾಫ್ಟ್‌ನರ್ ಹಾಕಿಸಿದೆವು. ಒಳಗೆ ಗಡಸುತನ ಹಿಡಿಯುವ ಸಣ್ಣ ಕಾಳು, ಅಂದರೆ ರೆಸಿನ್, 30 ಲೀಟರ್ ಇದೆ, ವಾಲ್ವ್ ಕೈಯಲ್ಲೇ ತಿರುಗಿಸುವುದು. 5 ದಿನಕ್ಕೊಮ್ಮೆ ನಾನೇ ರೀಜನರೇಷನ್ (ಉಪ್ಪುನೀರು ಹಾಯಿಸಿ ರೆಸಿನ್‌ಗೆ ಮತ್ತೆ ಶಕ್ತಿ ತುಂಬುವುದು) ಮಾಡುತ್ತೇನೆ, ಒಂದು ಸಲವೂ ತಪ್ಪಿಸಿಲ್ಲ.

ಯುಗಾದಿ ಕಳೆದ ಮೇಲೆ ಏನೋ ಸರಿ ಇಲ್ಲ. ಬಕೆಟ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತಿದೆ, ಸೋಪು ನೊರೆ ಬರುತ್ತಿಲ್ಲ, ಗೀಸರ್ ಕಾಯುವಾಗ ಒಳಗೆ ಕಟಕಟ ಅನ್ನುತ್ತದೆ. ಅತ್ತೆ ತಲೆಗೆ ಎರೆದುಕೊಂಡರೆ ಕೂದಲು ನಾರಿನ ಹಾಗೆ ಆಗುತ್ತಿದೆ ಅಂತ ದಿನಾ ಬೇಜಾರು ಮಾಡಿಕೊಳ್ಳುತ್ತಾರೆ. ಮೊನ್ನೆ ಕಾವೇರಿ ನೀರು ಬರಲಿಲ್ಲ ಅಂತ ಇದೇ ನೀರಲ್ಲಿ ಬೇಳೆಗೆ ಇಟ್ಟರೆ ಆರು ವಿಷಲ್ ಆದರೂ ಬೇಯಲಿಲ್ಲ.

ಮೆಕ್ಯಾನಿಕ್ ಬಂದು ಟಿಡಿಎಸ್ (ನೀರಲ್ಲಿ ಕರಗಿರುವ ಒಟ್ಟು ವಸ್ತು) ಅಳೆಯುವ ಮೀಟರ್ ಅದ್ದಿ ತೋರಿಸಿದರು. ಸಾಫ್ಟ್‌ನರ್‌ಗೆ ಹೋಗುವ ನೀರು 940, ಹೊರಗೆ ಬರುವ ನೀರು 950. ಏನೂ ಕಡಿಮೆ ಆಗಿಲ್ಲ ನೋಡಿ, ರೆಸಿನ್ ಸತ್ತಿದೆ, ಬದಲಿಸಿದರೆ 18 ಸಾವಿರ, ಇಲ್ಲಾಂದ್ರೆ ಹೊಸ ಮೆಷಿನ್ನೇ ಹಾಕಿಸಿ ಅಂದರು. ಒಂದೇ ಸಮಾಧಾನ ಅಂದರೆ ಉಪ್ಪಿನ ಖರ್ಚು ಕಡಿಮೆಯಾಗಿದೆ. ಮೊದಲು 25 ಕೆಜಿ ಚೀಲ ಒಂದು ತಿಂಗಳಿಗೆ ಮುಗಿಯುತ್ತಿತ್ತು, ಈಗ ಎರಡು ತಿಂಗಳಾದರೂ ಅರ್ಧದ ಮೇಲೆ ಉಳಿದಿದೆ. ಮಕ್ಕಳ ಸ್ಕೂಲ್ ಫೀಸ್ ಕಟ್ಟುವ ಸಮಯ ಬೇರೆ. 18 ಸಾವಿರ ಕೊಡುವ ಮುಂಚೆ ಬೇರೆ ಏನಾದರೂ ನೋಡಬಹುದಾ?

ನೀರಿನ ಕೆಲಸ:

ಮೇಡಂ, ದಯವಿಟ್ಟು ಸದ್ಯಕ್ಕೆ ದುಡ್ಡು ಕೊಡಬೇಡಿ. ನಾನು ಇದೇ ಕೆಲಸದಲ್ಲಿ ಇರುವವನು.

ಮೊದಲು ಆ ಟಿಡಿಎಸ್ ಮಾತು. ಸಾಫ್ಟ್‌ನರ್ ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಒಂದು ಹೋಗಿ ಇನ್ನೊಂದು ಬರುತ್ತದೆ ಅಷ್ಟೆ, ಕರಗಿರುವ ಒಟ್ಟು ವಸ್ತು ಕಡಿಮೆ ಆಗುವುದಿಲ್ಲ. ಚೆನ್ನಾಗಿ ಕೆಲಸ ಮಾಡುವ ಹೊಸ ಸಾಫ್ಟ್‌ನರ್‌ಗೆ ಟಿಡಿಎಸ್ ಮೀಟರ್ ಹಿಡಿದರೂ ಹೆಚ್ಚುಕಡಿಮೆ ಇದೇ ಲೆಕ್ಕ ಬರುತ್ತದೆ. ಆ ಮೀಟರ್ ಆರ್‌ಓಗೆ ಸರಿ, ಇದಕ್ಕೆ ಅಲ್ಲ. ಅದನ್ನು ನೋಡಿ ರೆಸಿನ್ ಸತ್ತಿದೆ ಅಂತ ಹೇಳಲು ಆಗುವುದೇ ಇಲ್ಲ.

ಎರಡನೆಯದು, ನೀವು ಸಮಾಧಾನ ಅಂದಿರಲ್ಲ, ಉಪ್ಪು ಉಳಿದಿದೆ ಅಂತ, ಕಾಯಿಲೆ ಅಲ್ಲೇ ಇರೋದು. 30 ಲೀಟರ್ ರೆಸಿನ್‌ಗೆ ಒಂದು ಸಲಕ್ಕೆ ಸುಮಾರು 4 ಕೆಜಿ ಉಪ್ಪು ಬೇಕು. ಅದು ಖರ್ಚಾಗುತ್ತಿಲ್ಲ ಅಂದರೆ ಉಪ್ಪುನೀರು ರೆಸಿನ್‌ವರೆಗೆ ಹೋಗುತ್ತಲೇ ಇಲ್ಲ. ನೀವು ವಾಲ್ವ್ ತಿರುಗಿಸುತ್ತಿದ್ದೀರಿ, ರೆಸಿನ್ ಹಸಿದುಕೊಂಡೇ ಕೂತಿದೆ.

ಮೊದಲು ಉಪ್ಪಿನ ಟ್ಯಾಂಕ್ ಮುಚ್ಚಳ ತೆಗೆದು ಒಂದು ಕೋಲಿನಿಂದ ಮೆಲ್ಲಗೆ ಕುಟ್ಟಿ ನೋಡಿ. ಕೆಲವು ಸಲ ಉಪ್ಪು ಮೇಲೆ ಗಟ್ಟಿಯಾಗಿ ಕಮಾನಿನ ಹಾಗೆ ನಿಂತಿರುತ್ತದೆ, ಕೆಳಗೆ ಪೊಳ್ಳು. ಪುಡಿ ಉಪ್ಪು ಹಾಕುವವರ ಮನೆಯಲ್ಲಿ ಇದು ಜಾಸ್ತಿ. ಹರಳುಪ್ಪು ಇಲ್ಲವೇ ಮಾತ್ರೆ ಉಪ್ಪೇ ಹಾಕಿ.

ಅದು ಸರಿ ಇದ್ದರೆ ಬಕೆಟ್ ಪರೀಕ್ಷೆ ಮಾಡಿ. ಬ್ರೈನ್ ಪೈಪನ್ನು, ಅಂದರೆ ಉಪ್ಪುನೀರು ಹೋಗುವ ಪೈಪನ್ನು, ಉಪ್ಪಿನ ಟ್ಯಾಂಕಿನಿಂದ ತೆಗೆದು ಬರೀ ನೀರಿರುವ ಬಕೆಟ್‌ಗೆ ಇಳಿಬಿಡಿ, ನೀರಿನ ಮಟ್ಟಕ್ಕೆ ಪೆನ್ನಲ್ಲಿ ಗೆರೆ ಹಾಕಿ, ಮೋಟಾರ್ ಓಡುತ್ತಿರುವಾಗ ವಾಲ್ವನ್ನು ಬ್ರೈನ್‌ಗೆ ತಿರುಗಿಸಿ ಹತ್ತು ನಿಮಿಷ ಕಾಯಿರಿ. ಮಟ್ಟ ಇಳಿಯದಿದ್ದರೆ ಉಪ್ಪುನೀರು ಎಳೆಯುವ ಇಂಜೆಕ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಪೈಪಿನ ಜಾಯಿಂಟಲ್ಲಿ ಗಾಳಿ ಎಳೆಯುತ್ತಿದೆ, ಇಲ್ಲವೇ ಪ್ರೆಶರ್ ಸಾಲುತ್ತಿಲ್ಲ. ಡ್ರೈನ್ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ಅಂತಲೂ ನೋಡಿ. ಇಂಜೆಕ್ಟರ್ ಬೆರಳುದ್ದದ ಭಾಗ, ಅದರ ತೂತು ಬಹಳ ಸಣ್ಣದು. ಮೋಟಾರ್ ನಿಲ್ಲಿಸಿ, ಪ್ರೆಶರ್ ಪೂರ್ತಿ ಇಳಿಸಿದ ಮೇಲೆ ಬಿಚ್ಚಿ. ಪಿನ್ನು, ಸೂಜಿ ಹಾಕಿ ಕೆರೆಯಬೇಡಿ, ತೂತು ದೊಡ್ಡದಾದರೆ ಎಳೆಯುವ ಶಕ್ತಿಯೇ ಹೋಗುತ್ತದೆ. ನಿಂಬೆ ಉಪ್ಪು ಕರಗಿಸಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಹಳೇ ಟೂತ್ ಬ್ರಷ್‌ನಲ್ಲಿ ತಿಕ್ಕಿ.

ಕಲ್ಲಹಳ್ಳಿ ಮಂಡ್ಯ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹೋದ ವರ್ಷ ಇದೇ ತರಹ ಯಾರದೋ ಮಾತು ಕೇಳಿ ರೆಸಿನ್ ಬದಲಿಸಿದೆ. ಹಣ ಕೊಟ್ಟು, ಹಳೇ ರೆಸಿನ್ ಚೀಲಕ್ಕೆ ತುಂಬಿಸಿ ಕಳಿಸಿದ ಮೇಲೂ ನೀರು ಹಾಗೇ ಇತ್ತು. ಆಮೇಲೆ ಬೇರೊಬ್ಬರು ವಾಲ್ವ್ ಬಿಚ್ಚಿದಾಗ ಒಳಗಿನ ರಬ್ಬರ್ ರಿಂಗ್ ಸವೆದು ಗಡಸು ನೀರು ನೇರವಾಗಿ ಮನೆ ಲೈನಿಗೆ ನುಗ್ಗುತ್ತಿತ್ತು ಅಂತ ಗೊತ್ತಾಯಿತು. ಆ ರಿಂಗ್ ಸೆಟ್‌ನ ಬೆಲೆ ಕೇಳಿದಾಗ ನನಗೆ ಅಳುವೇ ಬಂತು, ಅಷ್ಟು ಕಡಿಮೆ. ಆ ಹಳೇ ರೆಸಿನ್ ಕಣ್ಣ ಮುಂದೆ ಇದೆ ಈಗಲೂ, ರಾಗಿಗಿಂತ ಸಣ್ಣ ಕಾಳು, ಜೇನಿನ ಬಣ್ಣ, ಚೆನ್ನಾಗೇ ಇತ್ತು ಪಾಪ.

ಕಾಳು ಬೆರಳಲ್ಲಿ ಒತ್ತಿದರೆ ಮೆತ್ತಗೆ ಹಿಸುಕಿ ಹೋದರೆ ಆಗ ಹಾಳಾಗಿದೆ ಅಂತ ಅರ್ಥ. ಬ್ಲೀಚಿಂಗ್ ಪೌಡರ್ ಸಂಪಿಗೆ ಜಾಸ್ತಿ ಹಾಕಿ ಆ ನೀರನ್ನು ಸಾಫ್ಟ್‌ನರ್‌ಗೆ ಬಿಟ್ಟರೆ ಹಾಗಾಗುತ್ತದೆ. ಬೋರ್ ನೀರಲ್ಲಿ ಕಬ್ಬಿಣ ಇದ್ದರೆ ಕಾಳು ಕೆಂಚಾಗುತ್ತದೆ, ಅದನ್ನು ತೊಳೆಯುವ ರಾಸಾಯನಿಕ ಸಿಗುತ್ತದೆ, ಎಲ್ಲಾ ಸಲ ಬದಲಿಸಬೇಕಿಲ್ಲ.

ಇನ್ನೊಂದು ವಿಷಯ. ರೀಜನರೇಷನ್ ಮಾಡಿದ ಉಪ್ಪುನೀರು ಎಲ್ಲಿಗೆ ಹೋಗುತ್ತಿದೆ ನೋಡಿಕೊಳ್ಳಿ. ನೀರು ವೇಸ್ಟ್ ಆಗಬಾರದು ಅಂತ ನಾನು ಗಿಡಗಳಿಗೆ ಬಿಡುತ್ತಿದ್ದೆ. ಅಪ್ಪ ನೆಟ್ಟಿದ್ದ ಕರಿಬೇವು ಒಣಗಿಹೋಯಿತು.

ಶ್ರೀರಾಂಪುರ ಟೀಚರ್:

ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಇದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಇಂಜೆಕ್ಟರ್ ಸರಿಯಾದರೂ ನೀವು 5 ದಿನದ ಪದ್ಧತಿಯನ್ನೇ ನಂಬಿಕೊಂಡರೆ ಮತ್ತೆ ಮೋಸ ಹೋಗಬಹುದು. ಒಂದು ಲೀಟರ್ ರೆಸಿನ್ ಒಂದು ರೀಜನರೇಷನ್‌ನಿಂದ ಇನ್ನೊಂದರವರೆಗೆ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. 30 ಲೀಟರ್‌ಗೆ 1500 ಗ್ರಾಂ. ನಿಮ್ಮ ಬೋರ್ ನೀರು ಲೀಟರಿಗೆ 400 ಮಿಲಿಗ್ರಾಂ ಇದ್ದರೆ 3750 ಲೀಟರ್ ಮೆದು ನೀರು ಬರುತ್ತದೆ. 750 ಇದ್ದರೆ 2000 ಲೀಟರ್ ಅಷ್ಟೆ. ಅಂತರ್ಜಲ ಇಳಿದಾಗ ಬೋರ್ ನೀರು ಇನ್ನೂ ಗಡಸಾಗಬಹುದು, ಹೊಸದಾಗಿ ಅಳೆಯದೆ ಹಳೇ ಲೆಕ್ಕ ನಂಬಬೇಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇದೆ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ.

ಅಳೆಯಲು ಹನಿ ಕಿಟ್ ಸಿಗುತ್ತದೆ. ಗಡಸು ನೀರಿಗೆ ಇಂಡಿಕೇಟರ್ (ಬಣ್ಣ ಬದಲಿಸಿ ತೋರಿಸುವ ವಸ್ತು) ಹಾಕಿದರೆ ದ್ರಾಕ್ಷಿ ಕೆಂಪು, ಕಿಟ್‌ನ ಇನ್ನೊಂದು ದ್ರಾವಣವನ್ನು ಹನಿ ಎಣಿಸುತ್ತಾ ಹಾಕಿದರೆ ಕೊನೆಗೆ ನೀಲಿ. ಪೂರ್ತಿ ಮೆದು ನೀರಾದರೆ ಮೊದಲೇ ನೀಲಿ. ಕಿಟ್ ಇಲ್ಲವಾ, ಮೈಸೋಪಿನ ಚೂರು ಬಿಸಿನೀರಲ್ಲಿ ಕರಗಿಸಿ ಎರಡು ಬಾಟಲಿಗೆ ಒಂದೇ ಅಳತೆ ಹಾಕಿ ಕುಲುಕಿ, ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಸಾಫ್ಟ್‌ನರ್ ನೀರು. ಶಾಂಪೂ, ಪಾತ್ರೆ ಲಿಕ್ವಿಡ್ ಬೇಡ, ಅವು ಗಡಸು ನೀರಲ್ಲೂ ನೊರೆ ಕೊಡುತ್ತವೆ.

ಸಾಫ್ಟ್‌ನರ್ ನೀರು ಕುಡಿಯಬೇಡಿ. 500 ಮಿಲಿಗ್ರಾಂ ಗಡಸುತನ ತೆಗೆದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಮನೆಯಲ್ಲಿ ಬಿಪಿ ಇರುವ ಹಿರಿಯರಿದ್ದರೆ ಜಾಸ್ತಿ ಗಮನ ಬೇಕು ಅಲ್ವಾ.

ದಟ್ಟಗಳ್ಳಿ ಮನೆ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಭಾನುವಾರ ನಾನು, ಮಗ ಸೇರಿ ಮಾಡಿದೆವು. ಉಪ್ಪು ಕಮಾನು ಕಟ್ಟಿರಲಿಲ್ಲ. ಬಕೆಟ್ ಪರೀಕ್ಷೆಯಲ್ಲಿ ಹತ್ತು ನಿಮಿಷ ಆದರೂ ನೀರು ಗೆರೆ ಬಿಟ್ಟು ಕದಲಲಿಲ್ಲ. ಇಂಜೆಕ್ಟರ್ ಬಿಚ್ಚಿದರೆ ತೂತಿನ ತುಂಬಾ ನುಣುಪಾದ ಮರಳು, ಅದರ ಜಾಲರಿಯೂ ಕೆಸರು. ಬೇಸಿಗೆಯಲ್ಲಿ ಬೋರ್ ಮಣ್ಣು ಮಣ್ಣಾಗಿ ಬಂದಿತ್ತು, ಆಗಲೇ ಸೇರಿಕೊಂಡಿರಬೇಕು. ನೆನೆಸಿ ತಿಕ್ಕಿ ಹಾಕಿದ ಮೇಲೆ ಬಕೆಟ್ ನೀರು ಕಣ್ಣೆದುರೇ ಇಳಿಯಿತು. ಮಗ ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು.

ಕಿಟ್ ತಂದು ಅಳೆದೆ. ಬೋರ್ ನೀರಿನ ಗಡಸುತನ 720 ಇದೆ. ಮನೆ ಕಟ್ಟಿದಾಗ ಮಾಡಿಸಿದ ರಿಪೋರ್ಟಲ್ಲಿ 420 ಇತ್ತು. ಒಂದು ಸಲ ರೀಜನರೇಷನ್ ಮಾಡಿದಾಗ ಹೊರಗಿನ ನೀರು 180, ಬೆನ್ನಿಗೇ ಇನ್ನೊಂದು ಸಲ ಮಾಡಿದ ಮೇಲೆ 20. ನಮಗೆ ದಿನಕ್ಕೆ 650 ಲೀಟರ್ ಬೇಕು, ಟೀಚರ್ ಲೆಕ್ಕದಲ್ಲಿ 3 ದಿನಕ್ಕೆ ಮುಗಿಯುತ್ತದೆ, ಹಾಗಾಗಿ ಇನ್ನು 3 ದಿನಕ್ಕೊಮ್ಮೆ ಮಾಡುತ್ತೇನೆ. ಡ್ರೈನ್ ಪೈಪ್ ದಾಸವಾಳದ ಬುಡಕ್ಕೆ ಹೋಗುತ್ತಿತ್ತು, ಅದನ್ನೂ ಚರಂಡಿಗೆ ತಿರುಗಿಸಿದೆ. ಗೀಸರ್ ಮಾತ್ರ ಇನ್ನೂ ಕಟಕಟ ಅನ್ನುತ್ತಿದೆ, ಮೆದು ನೀರು ಬಂದರೆ ತಾನೇ ಸರಿ ಹೋಗುತ್ತದಾ?

ನೀರಿನ ಕೆಲಸ:

ಬಹಳ ಖುಷಿ ಆಯಿತು ಮೇಡಂ. ಗೀಸರ್ ಒಳಗೆ ಆಗಲೇ ಕಟ್ಟಿರುವ ಪೊರೆ ಬೇಗ ಹೋಗುವುದಿಲ್ಲ. ಕರೆಂಟ್ ಪೂರ್ತಿ ತೆಗೆಸಿ, ಗೊತ್ತಿರುವವರಿಂದ ಕಾಯಿಲ್ ಬಿಚ್ಚಿಸಿ ತೊಳೆಸಿ. ಹಾಗೆಯೇ ಸಾಫ್ಟ್‌ನರ್‌ಗೆ ಮುಂಚೆ ಒಂದು ಮರಳು ತಡೆಯುವ ಫಿಲ್ಟರ್ ಹಾಕಿಸಿ, ಇಲ್ಲಾಂದ್ರೆ ಮುಂದಿನ ಬೇಸಿಗೆಗೆ ಮತ್ತೆ ಇಂಜೆಕ್ಟರ್ ಬಿಚ್ಚಬೇಕಾಗುತ್ತದೆ.